ಇಲಿಯ ಗಡ್ಡೆಗೆ ಹೈಡ್ರಲಜೀನ್: ರಕ್ತದ ಹರಿವು, ಆಮ್ಲಜನಕ ಅಳೆದ ನನ್ನ ಅನುಭವ

ರಕ್ತನಾಳ ಹಿಗ್ಗಿಸುವ ಔಷಧಿ ಕೊಟ್ಟರೆ ಕ್ಯಾನ್ಸರ್ ಗಡ್ಡೆಗೂ ರಕ್ತ ಜಾಸ್ತಿ ಹರಿಯಬೇಕು, ಅಲ್ವಾ? ಇಲಿಗಳಲ್ಲಿ ಅಳೆದಾಗ ನಾನು ಕಂಡದ್ದು ಇದಕ್ಕೆ ಪೂರ್ತಿ ಉಲ್ಟಾ.

ಬಳಸಿದ್ದು ಹೈಡ್ರಲಜೀನ್. ಬಿಪಿ ಇಳಿಸುವ ಹಳೆಯ ಔಷಧಿ. ಚರ್ಮದಡಿ ಗಡ್ಡೆ ಬೆಳೆದ ಇಲಿಗೆ ಅರಿವಳಿಕೆ ಕೊಟ್ಟು, ರಕ್ತದ ಹರಿವನ್ನು ಬೆಳಕಿನಿಂದ ಅಳೆಯುವ ಒಂದು ಲೇಸರ್ ಡಾಪ್ಲರ್ ಪ್ರೋಬನ್ನು ಗಡ್ಡೆಯಲ್ಲಿ, ಇನ್ನೊಂದನ್ನು ತೊಡೆಯ ಸ್ನಾಯುವಿನಲ್ಲಿ ಇಟ್ಟೆ. ಅಪಧಮನಿಗೆ ಸಣ್ಣ ಕೊಳವೆ ಹಾಕಿ ಬಿಪಿಯನ್ನೂ ಜೊತೆಗೇ ದಾಖಲಿಸಿದೆ. ಈ ಮೂರೂ ಒಟ್ಟಿಗೆ ಇರಲೇಬೇಕು. ಗಡ್ಡೆಯೊಂದನ್ನೇ ಅಳೆದರೆ ಹರಿವು ಇಳಿದದ್ದು ಗೊತ್ತಾಗುತ್ತದೆ, ಯಾಕೆ ಇಳಿಯಿತು ಅನ್ನುವುದು ಗೊತ್ತಾಗುವುದಿಲ್ಲ.

ಔಷಧಿ ಕೊಟ್ಟ ಮೇಲೆ ಬಿಪಿ ಇಳಿಯಿತು, ಸ್ನಾಯುವಿನಲ್ಲಿ ಹರಿವು ಏರಿತು, ಗಡ್ಡೆಯಲ್ಲಿ ಕುಸಿಯಿತು. ಕಾರಣ ಗಡ್ಡೆಯ ರಕ್ತನಾಳಗಳಲ್ಲೇ ಇದೆ. ಅವು ಅವಸರದಲ್ಲಿ ಬೆಳೆದಂಥವು. ಹಿಗ್ಗಿ ಕುಗ್ಗಲು ಬೇಕಾದ ಸ್ನಾಯುಪದರ ಅವುಗಳ ಗೋಡೆಯಲ್ಲಿ ಸರಿಯಾಗಿ ಇರುವುದಿಲ್ಲ. ಹಾಗಾಗಿ ಔಷಧಿಗೆ ಅಲ್ಲಿ ಮಾಡಲು ಹೆಚ್ಚು ಕೆಲಸವೇ ಇಲ್ಲ. ಉಳಿದ ದೇಹದ ನಾಳಗಳು ಮಾತ್ರ ಹಿಗ್ಗುತ್ತವೆ. ಒಂದೇ ಪೈಪಿನಲ್ಲಿ ಕೆಳಮನೆಯ ನಲ್ಲಿಗಳನ್ನೆಲ್ಲ ಪೂರ್ತಿ ತಿರುಗಿಸಿದರೆ ಮೇಲ್ಮನೆಗೆ ನೀರು ಏರುವುದಿಲ್ಲವಲ್ಲ, ಹಾಗೆ. ಗಡ್ಡೆಯೊಳಗಿನ ದ್ರವದ ಒತ್ತಡವೂ ಜಾಸ್ತಿ. ಒಳಗಿನಿಂದ ತಳ್ಳುವ ಬಿಪಿ ಇಳಿದರೆ ತೆಳು ನಾಳಗಳು ಸುಲಭವಾಗಿ ಮುಚ್ಚಿಕೊಳ್ಳುತ್ತವೆ.

ಅಳತೆಯಲ್ಲಿ ಎಚ್ಚರ ಬೇಕು. ಅರಿವಳಿಕೆಯೇ ಬಿಪಿ ಇಳಿಸುತ್ತದೆ. ಮೈ ತಣ್ಣಗಾದರೂ ಹರಿವು ಬದಲಾಗುತ್ತದೆ. ಅದಕ್ಕೇ ಬಿಸಿ ಪ್ಯಾಡ್ ಇಡುತ್ತೇನೆ, ಬರೀ ಸಲೈನ್ ಕೊಟ್ಟ ಇಲಿಗಳನ್ನೂ ಅಳೆಯುತ್ತೇನೆ. ರಕ್ತ ನಿಂತ ಮೇಲೂ ಡಾಪ್ಲರ್ ಸ್ವಲ್ಪ ಅಂಕಿ ತೋರಿಸುತ್ತದೆ. ಅದನ್ನು ಕೊನೆಯಲ್ಲಿ ಓದಿ ಕಳೆಯಬೇಕು.

ಹರಿವು ಒಂದೇ ಸಾಲದು, ಆಮ್ಲಜನಕಕ್ಕೆ ಬೇರೆ ಪ್ರೋಬ್ ಬೇಕು. ನಾಳದಿಂದ ಸುಮಾರು 100–150 ಮೈಕ್ರೋಮೀಟರ್ ಆಚೆಗಿನ ಜೀವಕೋಶಗಳು ಮೊದಲೇ ಉಸಿರುಗಟ್ಟಿರುತ್ತವೆ. ಹರಿವು ಇಳಿದರೆ ಅಂಥವು ಇನ್ನೂ ಹೆಚ್ಚುತ್ತವೆ. ಆಮ್ಲಜನಕವೇ ಇಲ್ಲದ ಜೀವಕೋಶವನ್ನು ಕೊಲ್ಲಲು 2.5ರಿಂದ 3 ಪಟ್ಟು ವಿಕಿರಣ ಬೇಕು. ವಿಕಿರಣಕ್ಕೆ ಮುಂಚೆ ಹೈಡ್ರಲಜೀನ್ ಕೊಡುವುದು ಹಾನಿ ಅನ್ನಲು ಇಷ್ಟು ಸಾಕು. ಟಿರಾಪಜಮೀನ್‌ನಂಥ, ಆಮ್ಲಜನಕ ಕಡಿಮೆ ಇದ್ದಲ್ಲೇ ಚುರುಕಾಗುವ ಔಷಧಿಗಳ ಜೊತೆಗೆ ಮಾತ್ರ ಇದೇ ಗುಣ ಪ್ರಯೋಜನಕ್ಕೆ ಬರಬಹುದು.

ಆಮ್ಲಜನಕ ಹೆಚ್ಚಿಸುವುದೇ ಗುರಿಯಾದರೆ ನನ್ನ ಒಲವು ನಿಕೋಟಿನಮೈಡ್ (ಬಿ3 ವಿಟಮಿನ್‌ನ ಒಂದು ರೂಪ) ಮತ್ತು ಕಾರ್ಬೋಜೆನ್ ಕಡೆಗೆ. ಮೊದಲನೆಯದು ನಾಳಗಳು ಆಗಾಗ ಮುಚ್ಚಿಕೊಳ್ಳುವುದನ್ನು ತಗ್ಗಿಸುತ್ತದೆ. ಎರಡನೆಯದು 95–98% ಆಮ್ಲಜನಕ, ಉಳಿದ 2–5% ಇಂಗಾಲದ ಡೈಆಕ್ಸೈಡ್ ಇರುವ ಗಾಳಿ. ಮೂತ್ರಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಇವೆರಡನ್ನೂ ವಿಕಿರಣದ ಜೊತೆ ಕೊಟ್ಟ ಬಿಕಾನ್ ಪ್ರಯೋಗದಲ್ಲಿ, ಬರೀ ವಿಕಿರಣ ಪಡೆದವರಿಗಿಂತ ಬದುಕುಳಿದವರು ಹೆಚ್ಚು.

ಇಲಿಯ ಗಡ್ಡೆ ಬೇಗ ಬೆಳೆಯುತ್ತದೆ, ಮನುಷ್ಯರದ್ದು ಹಾಗಲ್ಲ. ಇದನ್ನು ಓದಿ ಯಾರೂ ತಮ್ಮ ಬಿಪಿ ಮಾತ್ರೆ ನಿಲ್ಲಿಸಬೇಡಿ.