ಮಾಸ್ಟರ್ ಪ್ಲಾನ್ ರಸ್ತೆ ಬಿದ್ದ ಜಮೀನಿನಲ್ಲೇ ಲೇಔಟ್ ಮಾಡಿದೆ

ಮಂಡ್ಯದ ಸುತ್ತಮುತ್ತ ನಕ್ಷೆ, ಫೈಲು ಅಂತ ಓಡಾಡುವ ನಮ್ಮವರಿಗೆಲ್ಲ ಇದು ಗೊತ್ತಿರುವ ವಿಷಯ. ಊರು ಮುಂದೆ ಹೇಗೆ ಬೆಳೆಯಬೇಕು ಅಂತ ಬರೆದಿಟ್ಟ ಮಾಸ್ಟರ್ ಪ್ಲಾನ್ ಶೀಟಿನಲ್ಲಿ ಒಂದು ಸರ್ವೆ ನಂಬರಿನ ಮೇಲೆ ಉದ್ದೇಶಿತ ರಸ್ತೆಯ ಗೆರೆ ಬಿತ್ತು ಅಂದರೆ ಆ ಜಮೀನಿನ ಕಡೆ ಯಾರೂ ತಿರುಗಿ ನೋಡಲ್ಲ. ಕೊಳ್ಳುವವರು ಹಿಂದೆ ಸರಿಯುತ್ತಾರೆ, ಸಾಲ ಹುಟ್ಟಲ್ಲ, ರಸ್ತೆಯೂ ಬರಲ್ಲ. ಅಂಥದೇ 2 ಎಕರೆ 8 ಗುಂಟೆಯಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಪಡೆದು ನಲವತ್ತು ಸೈಟಿನ ಲೇಔಟ್ ಮಾಡಿ ಮುಗಿಸಿದ್ದೇನೆ. ಆಗದ ಕೆಲಸ ಅಂದಿದ್ದ ಇಬ್ಬರು ಮೂವರು ಈಗ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಜಮೀನು ಮೂವರು ಅಣ್ಣತಮ್ಮಂದಿರದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅಚ್ಚುಕಟ್ಟಿನ ಕಬ್ಬಿನ ಗದ್ದೆ. ಭಾಗ ಆಗಿ ವರ್ಷಗಳೇ ಕಳೆದಿದ್ದವು, ಮೂರು ಕಡೆ ಮನೆ ಎದ್ದಿದ್ದರಿಂದ ಬೇಸಾಯ ನಿಂತಿತ್ತು. ಮಾಸ್ಟರ್ ಪ್ಲಾನಿನಲ್ಲಿ ಭೂ ಉಪಯೋಗದ ಬಣ್ಣ ಹಳದಿ, ಅಂದರೆ ವಸತಿ. ಅಲ್ಲಿಗೆ ತೊಂದರೆ ಇರಲಿಲ್ಲ. ಹಸಿರು, ಅಂದರೆ ಕೃಷಿ ಅಂತ ಇದ್ದಿದ್ದರೆ ಅದನ್ನು ಬದಲಿಸಲು 1961ರ ಯೋಜನಾ ಕಾಯ್ದೆಯ 14ಎ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ, ಆಕ್ಷೇಪಣೆ, ಬೆಂಗಳೂರು ಅಂತ ಸುತ್ತಬೇಕಿತ್ತು. ಆ ಕೆಲಸವನ್ನು ನಾನು ಒಪ್ಪಿಕೊಳ್ಳುತ್ತಲೇ ಇರಲಿಲ್ಲ. ತೊಂದರೆ ಇದ್ದದ್ದು 18 ಮೀಟರ್ ರಸ್ತೆಯ ಗೆರೆಯಲ್ಲಿ. ಜಮೀನಿನ ನಡುಮಧ್ಯೆ ಹಾದುಹೋಗಿತ್ತು.

ಹಿರಿಯಣ್ಣನಿಗೆ ಊರಿನ ಬ್ರೋಕರ್ ಒಬ್ಬರು ಮೊದಲೇ ತಲೆ ತುಂಬಿದ್ದರು. ಇಪ್ಪತ್ತಡಿ ರಸ್ತೆ ಬಿಟ್ಟು ಅನುಮೋದನೆ ಇಲ್ಲದ ರೆವಿನ್ಯೂ ಸೈಟು ಹೊಡೆದರೆ ಐವತ್ನಾಲ್ಕು ಸೈಟು ಬೀಳುತ್ತೆ, ಪ್ಲಾನಿಗೆ ಹೋದರೆ ಹದಿನಾಲ್ಕು ಸೈಟು ಕೈಬಿಡುತ್ತೆ ಅಂತ. "ಅಲ್ಲ ಕಣಪ್ಪ, ಹದಿನಾಲ್ಕು ಸೈಟ ಸರ್ಕಾರಕ್ಕೆ ಬರ್ಕೊಟ್ಬುಟ್ಟು ನಮ್ಮ ಹೆಂಡ್ರು ಮಕ್ಕಳಿಗೆ ಏನು ಹೇಳ್ಳಿ?" ಅಂದರು. ನಾನು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. "ಗೌಡ್ರೇ, ರೆವಿನ್ಯೂ ಸೈಟು ಚದರಡಿಗೆ 900 ರೂಪಾಯಿ ಮೇಲೆ ಹೋಗಲ್ಲ. ಅನುಮೋದನೆ ಇರೋದು 1,700ರ ಆಸುಪಾಸು ಹೋಗ್ತಾ ಅದೆ. 30x40 ಅಡಿ ಸೈಟು ಐವತ್ನಾಲ್ಕಕ್ಕೆ ಐದು ಮುಕ್ಕಾಲು ಕೋಟಿ, ನಲವತ್ತಕ್ಕೆ ಎಂಟು ಕೋಟಿ. ಖರ್ಚು ಒಂದೂಕಾಲು ಕೋಟಿ ಕಳೀರಿ. ಯಾವುದು ಹೆಚ್ಚು?" ಒಪ್ಪಿದರು, ಆದರೆ ಅರೆಮನಸ್ಸಿನಿಂದ. 2024ರಲ್ಲಿ ನೋಂದಣಿಗೆ ಇ-ಖಾತೆ, ಅಂದರೆ ಕಂಪ್ಯೂಟರಿನಲ್ಲಿ ತೆಗೆದ ಆಸ್ತಿ ಖಾತೆ, ಕಡ್ಡಾಯವಾಗಿ ಸುತ್ತಲಿನ ರೆವಿನ್ಯೂ ಸೈಟುಗಳ ವ್ಯಾಪಾರ ನಿಂತುಹೋದ ಮೇಲೆಯೇ ಅವರಿಗೆ ಪೂರ್ತಿ ನಂಬಿಕೆ ಬಂದದ್ದು.

ಮೊದಲ ಹೊಡೆತ ದಾಖಲೆಯಲ್ಲೇ. ಪಹಣಿಯಲ್ಲಿ ಒಂದು ವಿಸ್ತೀರ್ಣ, ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್‌ನಲ್ಲಿ ಒಂದೂವರೆ ಗುಂಟೆ ಕಡಿಮೆ. ಇದು ಸರಿಯಾಗದೆ ಕೃಷಿ ಜಮೀನನ್ನು ವಸತಿಗೆ ಪರಿವರ್ತಿಸುವ ಅರ್ಜಿ ಮುಂದಕ್ಕೆ ಹೋಗಲ್ಲ. ತಿದ್ದುಪಡಿಗೆ ಬೇಸಿಗೆ ಪೂರಾ ಹೋಯಿತು. ಅದು ಮುಗಿಯಿತು ಅನ್ನುವಾಗ 3 ಗುಂಟೆ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ, ಬೆಳಕಿಗೆ ಬಂತು. ಕಬ್ಬಿನ ಕೂಳೆಯಿಂದ ಮುಚ್ಚಿಹೋಗಿದ್ದ ಹೊಲಗಾಲುವೆ ಅದು. ಕೆಳಗಿನ ಏಳೆಂಟು ಮನೆಯವರ ಗದ್ದೆಗೆ ಇವತ್ತಿಗೂ ನೀರು ಹೋಗುವುದು ಅದರಲ್ಲೇ. ಎ ಖರಾಬಾಗಿದ್ದರೆ, ಅಂದರೆ ಬರೀ ಬೇಸಾಯಕ್ಕೆ ಬಾರದ ಜಾಗವಾಗಿದ್ದರೆ, ಮಾಲೀಕರದ್ದೇ, ಬಿ ಖರಾಬಿನ ಮೇಲೆ ಸೈಟು ಮಾಡಿದರೆ ಒಂದಲ್ಲ ಒಂದು ದಿನ ಜೆಸಿಬಿ ಬರುತ್ತೆ. ಪೈಪ್ ಹಾಕಿ ಮುಚ್ಚಿ ಅಂತ ಸಲಹೆ ಕೊಟ್ಟವರೂ ಇದ್ದರು. ನಾನು ಬಿಲ್‌ಕುಲ್ ಒಪ್ಪಲಿಲ್ಲ. ಗದ್ದೆ ಸೈಟಾಗುವುದು ಕಾಲದ ಮಾತು ಅನ್ನಬಹುದು, ಇನ್ನೂ ಬೇಸಾಯ ಮಾಡುವವನ ನೀರು ತಡೆಯುವುದು ಅನ್ಯಾಯ. ಕಾಲುವೆಯನ್ನು ಹಾಗೇ ಬಿಟ್ಟು ಎರಡು ಬದಿ ಕಲ್ಲು ಕಟ್ಟಿಸಿ, ಪಾರ್ಕನ್ನು ಅದರ ಪಕ್ಕಕ್ಕೇ ತಂದೆ. ನೀರಾವರಿಯವರ ನಿರಾಕ್ಷೇಪಣೆ ಸಲೀಸಾಗಿ ಬಂದದ್ದು ಅದರಿಂದಲೇ.

ಇನ್ನು ರಸ್ತೆಯ ವಿಷಯ. ಇಲ್ಲಿಯೇ ಬಹುತೇಕರ ಫೈಲು ಸಾಯುವುದು.

ಜಮೀನಿಗೆ ಇದ್ದ ದಾರಿ ಹನ್ನೆರಡು ಅಡಿಯ ಗಾಡಿ ಜಾಡು. ಅದನ್ನು ನಂಬಿ ಹಾಕಿದ ಮೊದಲ ನಕ್ಷೆ ಸಂಪರ್ಕ ರಸ್ತೆ ಸಾಲದು ಅಂತ ವಾಪಸ್ ಬಂತು. ಜಾಡನ್ನು ಅಗಲ ಮಾಡೋಣ ಅಂದರೆ ಎರಡು ಬದಿಯಲ್ಲೂ ಹತ್ತಾರು ಹಿಡುವಳಿದಾರರು. ಎಲ್ಲರೂ ಕೈಚೆಲ್ಲುವುದು ಇಲ್ಲೇ. ಉದ್ದೇಶಿತ ರಸ್ತೆಯನ್ನು ತಪ್ಪಿಸುವುದು ಹೇಗೆ ಅಂತಲೇ ನಮ್ಮವರು ತಲೆ ಓಡಿಸುತ್ತಾರೆ. ಗೆರೆಯನ್ನು ಅಂಚಿಗೆ ತಳ್ಳಿ ಬರೆಯುತ್ತಾರೆ, ಯೋಜನಾ ಶಾಖೆಯವರು ಶೀಟಿನ ಮೇಲಿಟ್ಟು ನೋಡಿದ ತಕ್ಷಣ ಸಿಕ್ಕಿಬೀಳುತ್ತದೆ. ನಾನು ಉಲ್ಟಾ ಹೊರಟೆ. ಆ 18 ಮೀಟರನ್ನು ಮೊದಲು ಬರೆದೆ. ಆಮೇಲೆ ಕಾಲುವೆ, ಪಾರ್ಕು, ಸಿಎ (ನಾಗರಿಕ ಸೌಲಭ್ಯದ) ಜಾಗ. ಆಮೇಲೆ 9 ಮೀಟರ್ ಒಳರಸ್ತೆ. ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೆ ಉಳಿದ ತುಂಡಿನಲ್ಲಿ ಸೈಟು ಹೊಂದಿಸಿದೆ. ನೂರಕ್ಕೆ ಐವತ್ತೆರಡರಷ್ಟು ಸೈಟಿಗೆ ಉಳಿಯಿತು. ಮಾಸ್ಟರ್ ಪ್ಲಾನ್ ರಸ್ತೆ ಒಂದೇ ಹತ್ತೊಂಬತ್ತು ಭಾಗ ತಿಂದಿತು. ಆದರೆ ಅದರ ಎರಡೂ ಬದಿಯ ಸೈಟುಗಳಿಗೆ ಅಡಿಗೆ 300 ಹೆಚ್ಚು ಸಿಕ್ಕಿದೆ.

ಆದರೂ ಒಂದು ಕೊಂಡಿ ತಪ್ಪಿತ್ತು. ನಮ್ಮ ಜಮೀನಿನ ಅಂಚಿನಿಂದ ಹೆದ್ದಾರಿಗೆ ಸೇರುವ ಡಾಂಬರು ರಸ್ತೆಯವರೆಗೆ ಸುಮಾರು 40 ಮೀಟರ್ ಪಕ್ಕದವರ ಜಮೀನು. ಅದೇ ಉದ್ದೇಶಿತ ರಸ್ತೆ ಅವರ ಮೇಲೂ ಬಿದ್ದಿದೆ. ಅವರು ಏಳು ಗುಂಟೆ ಬಿಟ್ಟರೆ ನಮಗೆ ದಾರಿ. ಅವರಿಗಿರುವುದೇ 1 ಎಕರೆ 10 ಗುಂಟೆ. "ನಿಮ್ಮ ಲೇಔಟಿಗೆ ನನ್ನ ಗದ್ದೆ ಯಾಕೆ ಕೊಡ್ಲಿ?" ಅಂದರು, ನ್ಯಾಯವಾದ ಮಾತೇ. ಆ ಏಳು ಗುಂಟೆಗೆ ಮಾರುಕಟ್ಟೆ ದರ ಕೇಳಿದ್ದರೆ ಯೋಜನೆ ಅಲ್ಲಿಗೇ ಮುಗಿಯುತ್ತಿತ್ತು. ಕೊನೆಗೆ ಎರಡು ಕಡೆಯ ಜಮೀನನ್ನೂ ಒಂದೇ ನಕ್ಷೆಯಲ್ಲಿ ತೋರಿಸಿ, ಅವರ ಭಾಗದ ರಸ್ತೆಯನ್ನು ನೋಂದಾಯಿತ ಪತ್ರದ ಮೂಲಕ ಪ್ರಾಧಿಕಾರಕ್ಕೆ ಬಿಟ್ಟುಕೊಡಲು ಒಪ್ಪಿಸಿದೆ. ರಸ್ತೆ, ಚರಂಡಿ, ಲೈಟು ಕಂಬದ ಖರ್ಚು ನಮ್ಮದು. ಅದರ ಮೇಲೆ ಇನ್ನೂ ಒಂದು ಶರತ್ತು ಇತ್ತು, ಅವರು ಸಹಿ ಹಾಕಿದ್ದು ಅದರಿಂದ. ಅದನ್ನು ಇಲ್ಲಿ ಬರೆಯಲ್ಲ. ಇನ್ನೂ ಎರಡು ಕಡೆ ಅದೇ ಕೆಲಸ ಹಿಡಿದಿದ್ದೇನೆ.

ಅಳತೆಯಲ್ಲಿ ಒಂದು ಪ್ರಯೋಗ ಮಾಡಿದೆ, ಹೇಳಲೇಬೇಕು. ಸರ್ವೆ ನಂಬರು ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ಹಿಡಿದು ಗಡಿ ಸುತ್ತಿದರೆ ಕಾಲುವೆ ಕಡೆ ಆರೇಳು ಮೀಟರ್ ಆಚೀಚೆ ತೋರಿಸಿತು. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಅಂತ ತಿಳಿಯಲು ಆ್ಯಪ್ ಚಿನ್ನ, ಗಡಿ ಹಾಕಲು ಅಲ್ಲ. ಉಪಗ್ರಹದ ಸಂಕೇತದಿಂದ ನಿಖರವಾಗಿ ಅಳೆಯುವ ರೋವರ್ ಉಪಕರಣ ತರಿಸಿದೆ, ಇಪ್ಪತ್ತು ಸಾವಿರದ ಹತ್ತಿರ ಆಯಿತು. ರೋವರ್ ಬಿಂದುಗಳಿಗೆ ಹಳೇ ಟಿಪ್ಪಣಿಯ (ಮೂಲ ಸರ್ವೆಯ ಅಳತೆ ಹಾಳೆಯ) ಅಳತೆ ಕೂರಿಸಲು ಸಂಜೆಗಳೇ ಹೋದವು: ಟಿಪ್ಪಣಿಯಲ್ಲಿ ಉತ್ತರದ ಗೆರೆ 9 ಚೈನು 4 ಅಣೆ, ಚೈನಿಗೆ 33 ಅಡಿ, 16 ಅಣೆಗೆ ಒಂದು ಚೈನು, ಅಂದರೆ 305 ಅಡಿ ಚಿಲ್ಲರೆ. ನೆಲದ ಮೇಲೆ 298 ಬರುತ್ತಿತ್ತು. ಬದು ಸರಿದಿದೆ ಅಂತ ಅನುಮಾನ ಬಂದು ಕೂಳೆ ಕೀಳಿಸಿ ಅಗೆಸಿದರೆ ಮೊಳದಾಳದಲ್ಲಿ ಹಳೇ ಸರ್ವೆಯ ಗಡಿ ಗುರುತಿನ ಬಾಂದು ಕಲ್ಲು, ತಲೆಯ ಮೇಲಿನ ಗುರುತು ಇನ್ನೂ ಮಾಸಿರಲಿಲ್ಲ. ಆ ಕಲ್ಲಿನಿಂದ ಎಳೆದ ಮೇಲೆ ಟಿಪ್ಪಣಿ, ರೋವರ್, ಮಾಸ್ಟರ್ ಪ್ಲಾನ್ ಶೀಟು ಮೂರೂ ಒಂದಕ್ಕೊಂದು ಕೂತವು. ನೂರು ವರ್ಷದ ಹಿಂದಿನ ಸರಪಳಿ ಸರ್ವೆಯವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ನಕ್ಷೆ ಬರೆಯುವ ಮುಂಚೆ ಮೈಸೂರಿಗೆ ಹೋಗಿ ಹಳೇ ಬಡಾವಣೆಗಳಲ್ಲಿ ಟೇಪು ಹಿಡಿದು ಓಡಾಡಿದ್ದೂ ಉಂಟು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂದಾಗ ಊರಿಗೆ ಪ್ಲೇಗಿನ ಹೆದರಿಕೆ ಇನ್ನೂ ಇತ್ತು. ಗಾಳಿ ಬೆಳಕು ಬರಲಿ ಅಂತಲೇ ರಸ್ತೆ ಅಗಲ ಮಾಡಿದರು. ಚಾಮರಾಜಪುರಂ, ಒಂಟಿಕೊಪ್ಪಲಿನಲ್ಲಿ ಮೂಲೆ ಸೈಟಿನ ತಿರುವು ಹೇಗೆ ಬಿಟ್ಟಿದ್ದಾರೆ ನೋಡಿಕೊಂಡು ಬಂದು ನಮ್ಮ ನಕ್ಷೆಯಲ್ಲೂ ಅದೇ ತಿರುವು ಇಟ್ಟೆ. ಈಗ ಇಟ್ಟಿಗೆ ಲಾರಿ ಮೂಲೆ ಕಾಂಪೌಂಡಿಗೆ ತಾಗದೆ ತಿರುಗುತ್ತದೆ.

ದುಡ್ಡಿನ ಕಷ್ಟ ನಿಜವಾಗಿ ಶುರುವಾದದ್ದು ಅನುಮೋದನೆ ಬಂದ ಮೇಲೆ. ಶುಲ್ಕಗಳೆಲ್ಲ ಸೇರಿ ಹದಿನಾಲ್ಕು ಲಕ್ಷದ ಆಸುಪಾಸು, ಒಂದೇ ಸಲ ಕಟ್ಟಬೇಕಾಯಿತು. ಮೂವತ್ತು ಲಕ್ಷ ಕೈಸಾಲ, ನೂರಕ್ಕೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ ಅರುವತ್ತು ಸಾವಿರ ಸುಮ್ಮನೆ ಹೋಗುತ್ತಿತ್ತು. ಮೊದಲ ಕಂತಿನಲ್ಲಿ ಮಾರಲು ಪ್ರಾಧಿಕಾರ ಬಿಡುಗಡೆ ಮಾಡಿದ್ದು ಶೇ 40, ಅಂದರೆ ಹದಿನಾರು ಸೈಟು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರುವುದರಿಂದ ಬಂದ ಹಣದಲ್ಲಿ ನೂರಕ್ಕೆ 70 ಪ್ರತ್ಯೇಕ ಖಾತೆಗೆ, ಅದನ್ನು ಕಾಮಗಾರಿಗೆ, ಜಮೀನಿನ ವೆಚ್ಚಕ್ಕೆ ಅಲ್ಲದೆ ಬೇರೆಗೆ ಮುಟ್ಟುವಂತಿಲ್ಲ. ಆ ಖಾತೆಯಿಂದಲೇ ಮೊದಲು ಒಳಚರಂಡಿ, ಆಮೇಲೆ ನೀರಿನ ಪೈಪು, ಕೊನೆಗೆ ಡಾಂಬರು ಮಾಡಿಸಿದೆ. ಡಾಂಬರು ಮೊದಲು ಹಾಕಿಸಿ ಫೋಟೋ ತೆಗೆದು ಸೈಟು ಮಾರಿ ಅಂತ ಒತ್ತಾಯ ಇತ್ತು. ಹಾಗೆ ಮಾಡಿ ಎರಡು ಸಲ ಅಗೆದವರನ್ನು ನೋಡಿದ್ದೇನೆ. ಟ್ರಾನ್ಸ್‌ಫಾರ್ಮರ್ ಅಂದಾಜು ಹನ್ನೆರಡು ಲಕ್ಷ ಅಂದುಕೊಂಡದ್ದು ಹದಿನಾರು ದಾಟಿತು. ಒಟ್ಟು ಕೆಲಸ ಒಂದು ಕೋಟಿ ಮೇಲೆ ಐದಾರು ಲಕ್ಷಕ್ಕೆ ನಿಂತಿತು.

ಕೊಂಡವರಲ್ಲಿ ಅರ್ಧದಷ್ಟು ಮಂದಿ ಬ್ಯಾಂಕ್ ಸಾಲದಲ್ಲೇ ಕೊಂಡಿದ್ದಾರೆ. ಮನೆ ಕಟ್ಟುತ್ತಿರುವವರಿಗೆ ನಾನೇ ಕೂತು ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಬಿಡಬೇಕಾದ ಜಾಗ, ವಿವರಿಸುತ್ತೇನೆ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಕ್ಷೆಯಂತೆ ಕಟ್ಟಿದೆ ಅಂತ ಕೊಡುವ ಸ್ವಾಧೀನಾನುಭವ ಪತ್ರ (ಒಸಿ) ಇಲ್ಲದೆ ಕಾಯಂ ಕರೆಂಟು, ನೀರು ಸಿಗದೆ ಒದ್ದಾಡಿದವರನ್ನು ಮಂಡ್ಯದಲ್ಲೂ ಕಂಡಿದ್ದೇವೆ. ನಕ್ಷೆಯಂತೆ ಕಟ್ಟಿ ಅಂತ ಈಗ ಯಾರಿಗೂ ಎರಡು ಸಲ ಹೇಳಬೇಕಿಲ್ಲ.

ಹಿರಿಯಣ್ಣ ತಮ್ಮ ಪಾಲಿನಲ್ಲಿ ಎರಡು ಸೈಟು ಮಾರದೆ ಮಕ್ಕಳಿಗೆ ಇಟ್ಟುಕೊಂಡರು. ಏಳು ಗುಂಟೆ ಬಿಟ್ಟುಕೊಟ್ಟ ಪಕ್ಕದವರು ತಮ್ಮ ಉಳಿದ ನಲವತ್ತು ಚಿಲ್ಲರೆ ಗುಂಟೆಗೂ ನಕ್ಷೆ ಹಾಕಿಸಿದ್ದಾರೆ. ಸಂಪರ್ಕ ರಸ್ತೆ ಆಗಲೇ ಇರುವುದರಿಂದ ಫೈಲು ಒಂದು ಸಲವೂ ವಾಪಸ್ ಬಂದಿಲ್ಲ, ಶುಲ್ಕದ ನೋಟಿಸು ಹೋದ ವಾರ ಬಂತು.