ಮಲಗುವ ಹೊತ್ತು ಬಿಟ್ಟೆ, ಏಳುವ ಹೊತ್ತು ಹಿಡಿದೆ

ಮಂಗಳೂರಿನ ಒಂದು ಪಿಯು ಹಾಸ್ಟೆಲ್‌ನಲ್ಲಿ ನಾನು ವಾರ್ಡನ್. ಹುಡುಗರನ್ನು ಎಬ್ಬಿಸುವ ಬೆಳಗಿನ ನಾಲ್ಕೂವರೆಯ ಬೆಲ್ ನಿಲ್ಲಿಸುತ್ತೇನೆ ಎಂದಾಗ ಆಡಳಿತದವರು ನಕ್ಕಿದ್ದರು. ‘ಮಕ್ಕಳಿಗೆ ಉದಾಸೀನ ಕಲಿಸ್ತೀರಾ ಮಾರಾಯ್ರೆ?’ ಈಗ ಅವರೇ ಹುಡುಗಿಯರ ಹಾಸ್ಟೆಲಿಗೂ ಅದನ್ನೇ ಮಾಡಿ ಎನ್ನುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲ ಎರಡು ವರ್ಷ ದುಡ್ಡು ಸುರಿದದ್ದೇ ಬಂತು. ರೂಮುಗಳಿಗೆ ದಪ್ಪ ಪರದೆ ಹಾಕಿಸಿದೆ, 18,000ವೋ ಏನೋ. ಜುಲೈ ಮಳೆಗೆ ಬೂಷ್ಟು ಹಿಡಿದು ನಾತ ಹೊಡೆಯಿತು. ಮೊಬೈಲ್ ಇಡಲು ಬೀಗದ ಪೆಟ್ಟಿಗೆ ಮಾಡಿಸಿದೆ, 6,000. ಹುಡುಗರು ಕೆಟ್ಟುಹೋದ ಹಳೇ ಸೆಟ್ ತಂದುಕೊಟ್ಟು, ಒಳ್ಳೆಯದನ್ನು ದಿಂಬಿನ ಕವರಿನೊಳಗೆ ಇಟ್ಟರು.

ದೊಡ್ಡ ತಪ್ಪು ಬೇರೆಯೇ. ರಾತ್ರಿ ಒಂಬತ್ತೂವರೆಗೆ ಲೈಟ್ ಆಫ್ ಮಾಡಿಸಿದ್ದು. ಈ ಪ್ರಾಯದಲ್ಲಿ ಮಲಗುವ ಹೊತ್ತಾಯಿತು ಎಂದು ಮೈಗೆ ಹೇಳುವ ಹಾರ್ಮೋನು, ಮೆಲಟೋನಿನ್, ತಡವಾಗಿ ಏರುತ್ತದೆ, ನಿದ್ದೆ ಒಂದೆರಡು ಗಂಟೆ ತಡವಾಗುತ್ತದೆ ಅಂತ ನಮಗೆಲ್ಲ ಗೊತ್ತು. ಗೊತ್ತಿದ್ದೂ ಮಾಡಿದೆ. ಒಂದು ರಾತ್ರಿ ರೌಂಡ್ಸಿಗೆ ಹೋದಾಗ ಹನ್ನೊಂದೂಮುಕ್ಕಾಲು. ಮೂಲೆಯ ಮಂಚದಲ್ಲಿ ಒಬ್ಬ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತಿದ್ದ. ‘ಎಂತ ಯೋಚನೆ?’ ಎಂದೆ. ‘ಎಂತದೂ ಇಲ್ಲ ಸರ್. ಮಾರ್ಕು, ಅಪ್ಪ, ಎಲ್ಲ ಸಾಲಾಗಿ ಬರ್ತದೆ.’ ದಿನಾ ಎರಡು ಗಂಟೆ ಕತ್ತಲಲ್ಲಿ ಕೊರಗಲು ಜಾಗ ಮಾಡಿಕೊಟ್ಟವನು ನಾನೇ.

ಮಲಗುವ ಹೊತ್ತಿನ ಗೋಜೇ ಬಿಟ್ಟೆ. ಏಳುವುದು ಮಾತ್ರ ಆರಕ್ಕೆ, ಭಾನುವಾರ ಏಳರೊಳಗೆ. ಬೆಳಕು ಹರಿದ ಮೇಲೆ 15 ನಿಮಿಷ ಅಂಗಳ. ನಿದ್ದೆ ಬಾರದವನು ವರಾಂಡದಲ್ಲಿ ಕೂರಲಿ, ಮಂಚದಲ್ಲಿ ಹೊರಳುವುದು ಬೇಡ. ಮಧ್ಯಾಹ್ನ ಮೂರರ ನಂತರ ಚಾ ಬಂದ್. ತಲೆಗೊಂದು ಹತ್ತು ರೂಪಾಯಿಯ ನೋಟ್‌ಬುಕ್: ಮಲಗಿದ್ದು, ಎದ್ದದ್ದು, ಮನಸ್ಸಿಗೆ ಐದರಲ್ಲಿ ಎಷ್ಟು ಮಾರ್ಕು. ಒಟ್ಟು ಖರ್ಚು 600 ಚಿಲ್ಲರೆ. ಸುಳ್ಳು ಬರೆಯದ ಹಾಗೆ ಹೇಗೆ ಮಾಡಿದೆ ಅಂತ ಕೇಳಬೇಡಿ. ಅದಕ್ಕೆ ಬಂದು ಚಾ ಕೊಡಿಸಬೇಕು, ಮೂರರೊಳಗೆ.

ಮೊದಲ ಹತ್ತು ದಿನ ತೂಕಡಿಕೆಯೋ ತೂಕಡಿಕೆ. ಮೂರು ಮನೆಗಳಿಂದ ಫೋನ್ ಬಂತು. ನಾಲ್ಕನೇ ವಾರಕ್ಕೆ ಸ್ನಾನದ ಕ್ಯೂನಲ್ಲಿ ಜಗಳ ಅರ್ಧಕ್ಕಿಳಿಯಿತು. ಎಂಟು ಗಂಟೆ ನಿದ್ದೆ ಬೇಕು, ನಿಜ. ನಮ್ಮಲ್ಲಿ ಏಳು ದಾಟಿದ್ದೇ ದೊಡ್ಡದು.

ನೋಟ್‌ಬುಕ್ಕಿನಲ್ಲಿ ನಾನು ಕಂಡದ್ದು ಇಷ್ಟು: ಮೊದಲು ನಿದ್ದೆ ಕೆಡುತ್ತದೆ, ವಾರ ಹತ್ತು ದಿನ ಬಿಟ್ಟು ಮನಸ್ಸು. ಎಲ್ಲರದ್ದೂ ಹಾಗಲ್ಲ. ಮನೆಯವರೊಬ್ಬರು ತೀರಿಕೊಂಡಿದ್ದ ಹುಡುಗನದ್ದು ಉಲ್ಟಾ. ಇಬ್ಬರಿಗೆ ನನ್ನ ಉಪಾಯ ನಡೆಯಲೇ ಇಲ್ಲ, ಡಾಕ್ಟರ ಹತ್ತಿರ ಕರಕೊಂಡು ಹೋದೆ. ತಡ ಮಾಡಿದೆ ಅನಿಸುತ್ತದೆ. ಈಗ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಗೋಡೆ ಮೇಲಿದೆ.

ನಡುವೆ ಒಂದು ಚೇಷ್ಟೆ. ಯಕ್ಷಗಾನದ ಹುಚ್ಚಿನ ನಾಲ್ವರನ್ನು ಇಡೀ ರಾತ್ರಿಯ ಆಟಕ್ಕೆ ಬಿಟ್ಟೆ. ಮರುದಿನ ಇಬ್ಬರು ಮಲಗಿದರು, ಇಬ್ಬರು ಮಲಗಲಿಲ್ಲ. ಮಲಗದವರಲ್ಲಿ ಒಬ್ಬ, ಮಧ್ಯಾಹ್ನ ಗಂಜಿಗೆ ಉಪ್ಪು ಕಡಿಮೆ ಅಂತ ಬಟ್ಟಲು ಕುಕ್ಕಿ ಅತ್ತೇ ಬಿಟ್ಟ. ಒಂದು ರಾತ್ರಿ ಸರಿಯಾಗಿ ಮಲಗಿ ಎದ್ದ ಮೇಲೆ ಅವನಿಗೇ ನಾಚಿಕೆ.

ಮೊದಲ ಬ್ಯಾಚಿನವರಿಗೆ ಈಗ 20-21. ಮೈಯ ಗಡಿಯಾರ ಮೆಲ್ಲ ದಾರಿಗೆ ಬರುವ ಪ್ರಾಯ. ಆದರೆ ಪಿಜಿ ರೂಮಿನಲ್ಲಿ ಎಬ್ಬಿಸುವವರು ಯಾರು? ಆ ಫ್ಯಾನ್ ನೋಡುತ್ತಿದ್ದ ಹುಡುಗ ಈಗ ಮಣಿಪಾಲದಲ್ಲಿದ್ದಾನೆ. ಕಳೆದ ತಿಂಗಳು ಫೋನ್ ಮಾಡಿದ. ‘ಸರ್, ನಾಲ್ಕು ದಿನದಿಂದ ಎರಡು ಗಂಟೆಗೆ ಮಲಗ್ತಿದ್ದೇನೆ. ಸುಮ್ನೆ ಎಲ್ಲರ ಮೇಲೂ ಸಿಟ್ಟು. ನೋಟ್‌ಬುಕ್ ಮತ್ತೆ ಶುರು ಮಾಡಿದೆ.’

‘ಏಳುವುದು ಎಷ್ಟಕ್ಕೆ?’ ಎಂದೆ.

‘ಅದೇ ಸರ್... ಹತ್ತೂವರೆ.’