ಏರ್ ಫ್ರೈಯರ್ ಟರ್ಕಿ: ಮೇಲೆ ಕರಕಲು, ಒಳಗೆ ಹಸಿ

ಕ್ರಿಸ್‌ಮಸ್‌ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್‌ನಿಂದ ಒಂದೂವರೆ ಕೆಜಿ ಟರ್ಕಿ ಎದೆಮಾಂಸ ತಂದಿದ್ದೆ. ಫ್ರೀಜರ್‌ನಿಂದ ತೆಗೆದ ಎರಡೇ ಗಂಟೆಗೆ 200 ಡಿಗ್ರಿಯಲ್ಲಿ ಇಟ್ಟೆ. ಚರ್ಮ ಇದ್ದಿಲು, ಒಳಗೆ ಚಾಕು ಹಾಕಿದರೆ ಕೆಂಪು ನೀರು! ಕಾಯುವ ಕಾಯಿಲ್ ಇರುವುದು ಮೇಲೆ, ಮಾಂಸ ಅದಕ್ಕೆ ತಾಗುವಷ್ಟು ಹತ್ತಿರ. ಸುಡದೆ ಇರುತ್ತದಾ?

ಮುಂದಿನ ಸಲ ಒಂದು ದಿನ ಪೂರ್ತಿ ಫ್ರಿಜ್ಜಿನ ಕೆಳಗಡೆ ಇಟ್ಟು ಕರಗಿಸಿದೆ. ನೀರು ಒರೆಸಿ ಬೆಣ್ಣೆ, ಬೆಳ್ಳುಳ್ಳಿ, ಕಾಳುಮೆಣಸು ಸವರಿದೆ. 175 ಡಿಗ್ರಿ, ಚರ್ಮ ಕೆಳಗೆ ಮಾಡಿ ಅರ್ಧ ಗಂಟೆ, ತಿರುಗಿಸಿ ಇನ್ನರ್ಧ ಗಂಟೆ. ಆದರೂ ಗಡಿಯಾರ ನಂಬಲಿಲ್ಲ. ದಪ್ಪ ಭಾಗಕ್ಕೆ ಥರ್ಮಾಮೀಟರ್ ಚುಚ್ಚಿ, 74 ಡಿಗ್ರಿ ತೋರಿಸಿದ ಮೇಲೇ ತೆಗೆದೆ. (ಅಡುಗೆಯದು, ಜ್ವರದ್ದಲ್ಲ. ಅತ್ತೆ ಕೇಳಿಯೇಬಿಟ್ಟರು!) ಕಾಲು ಗಂಟೆ ಫಾಯಿಲ್ ಮುಚ್ಚಿಟ್ಟು ಕತ್ತರಿಸಿದೆ. ರಸವೆಲ್ಲ ಮಾಂಸದಲ್ಲೇ ಇತ್ತು. ಉಳಿದದ್ದು ಮರುದಿನ ಪಲಾವ್‌ಗೆ ಹೋಯಿತು.